ನದಾಫ್ ಎಂಬ ಅಡ್ಡಹೆಸರು: ಅರಬ್ಬೀ ಮೂಲದ ಮನೆತನದ ಹೆಸರನ್ನು ಶೋಧಿಸುವ ಕ್ರಮ

ಉತ್ತರ ಕರ್ನಾಟಕದ ಎರೆಭೂಮಿಯ ಊರುಗಳಲ್ಲಿ ಶಾಲೆಯ ಹಾಜರಿ ಪುಸ್ತಕವನ್ನಾಗಲಿ ಮತದಾರರ ಪಟ್ಟಿಯನ್ನಾಗಲಿ ತೆರೆದರೆ ಬಡಿಗೇರ, ಕಂಬಾರ, ಪತ್ತಾರ, ಹೂಗಾರ ಎಂಬ ಹೆಸರುಗಳ ನಡುವೆಯೇ ನದಾಫ್ ಎಂಬ ಹೆಸರೂ ಕಾಣಸಿಗುತ್ತದೆ. ಮೊದಲಿನ ನಾಲ್ಕರ ಅರ್ಥವನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಕಸುಬೂ ಪದವೂ ಎರಡೂ ಕಿವಿಗೆ ಪರಿಚಿತ. ನದಾಫ್ ಎಂಬುದೂ ಅದೇ ಸಾಲಿನ, ಅದೇ ಬಗೆಯ ಹೆಸರು. ಅದರ ಅರ್ಥ ಹತ್ತಿಯನ್ನು ಹಿಂಜುವವನು ಎಂದು. ಪದ ಅರಬ್ಬೀ ಭಾಷೆಯದಾದ್ದರಿಂದ ಇದರ ಸುತ್ತ ಊಹೆಗಳು ಬೆಳೆದಿವೆ. ಕೆಲವರು ಇದನ್ನು ಊರಿನ ಹೆಸರೆಂದು ತಿಳಿದರೆ, ಕೆಲವರು ಅರಬಸ್ತಾನದಿಂದ ಬಂದ ವಂಶದ ಗುರುತು ಎಂದು ನಂಬುತ್ತಾರೆ.

ಈ ಲೇಖನ ಇಂಥ ಹೆಸರೊಂದರ ಮೂಲವನ್ನು ಊಹೆಯಿಲ್ಲದೆ ಹುಡುಕುವ ಕ್ರಮವನ್ನು ವಿವರಿಸುತ್ತದೆ. ಉದ್ದಕ್ಕೂ ನದಾಫ್ ಎಂಬುದನ್ನೇ ಮುಖ್ಯ ನಿದರ್ಶನವಾಗಿ ಇಟ್ಟುಕೊಂಡಿದ್ದೇನೆ. ಆದರೆ ಅತ್ತಾರ, ಮುಜಾವರ, ಖಾಜಿ, ಖತೀಬ, ಮೋಮಿನ, ನಾಲಬಂದ, ಸಿಕಲಗಾರ ಮುಂತಾದ ಹೆಸರುಗಳ ಮನೆಯವರೂ ಇದೇ ದಾರಿಯಲ್ಲಿ ಸಾಗಬಹುದು. ಹಳೆಯ ಮೈಸೂರು ಭಾಗದ ಓದುಗರಿಗೆ ಒಂದು ಮಾತು: ಅಲ್ಲಿ ಅಡ್ಡಹೆಸರು ಎಂದರೆ ಗೆಳೆಯರು ಕರೆಯುವ ಹೆಸರು. ಉತ್ತರ ಕರ್ನಾಟಕದಲ್ಲಿ ಅದು ಮನೆತನದ ಹೆಸರು, ಇಲ್ಲಿಯೂ ಆ ಅರ್ಥದಲ್ಲೇ ಬಳಸಿದ್ದೇನೆ.

ಮೊದಲ ಹೆಜ್ಜೆ: ಹೆಸರನ್ನು ಬಿಡಿಸಿ, ಎಲ್ಲ ರೂಪಗಳನ್ನೂ ಬರೆದುಕೊಳ್ಳುವುದು

ಮನೆಯಲ್ಲಿರುವ ಕಾಗದಗಳನ್ನೆಲ್ಲ ಒಂದೆಡೆ ಇಟ್ಟು, ಹೆಸರು ಯಾವ ಯಾವ ರೂಪದಲ್ಲಿದೆಯೋ ಹಾಗೆಯೇ, ತಿದ್ದದೆ, ಬರೆದುಕೊಳ್ಳಬೇಕು. ಶಾಲೆಯ ದಾಖಲಾತಿ, ವರ್ಗಾವಣೆ ಪ್ರಮಾಣಪತ್ರ, ಹೊಲದ ಉತಾರ, ಪಡಿತರ ಚೀಟಿ, ಆಧಾರ್, ಮದುವೆಯ ನಿಕಾಹನಾಮೆ, ಎಲ್ಲವೂ ಬೇಕು. ನದಾಫ, ನದಾಫ್, ನದ್ದಾಫ, ನಧಾಫ, ನದಾಪ, ಲದಾಫ ಎಂಬ ರೂಪಗಳೆಲ್ಲ ಒಂದೇ ಹೆಸರಿನವು. ಒಂದೇ ಮನೆಯ ಕಾಗದಗಳಲ್ಲಿ ಇವುಗಳಲ್ಲಿ ಎರಡು ಮೂರು ಸಿಕ್ಕರೆ ಅದನ್ನು ಗೊಂದಲವೆಂದು ಬದಿಗಿಡಬಾರದು. ಉಚ್ಚಾರಣೆ ಹೇಗೆ ಬದಲಾಯಿತು, ಯಾವ ಕಚೇರಿಯವರು ಹೇಗೆ ಕೇಳಿಸಿಕೊಂಡರು ಎಂಬುದಕ್ಕೆ ಆ ವ್ಯತ್ಯಾಸಗಳೇ ಸಾಕ್ಷಿ. ನಕಾರ ಲಕಾರವಾಗುವುದು ನಮ್ಮಲ್ಲಿ ಹೊಸದಲ್ಲ: ನಿಂಬೆಹಣ್ಣನ್ನು ಲಿಂಬೆಹಣ್ಣು ಎನ್ನುವ ನಾಲಿಗೆಯೇ ನದಾಫನನ್ನು ಲದಾಫ ಎಂದಿದೆ.

ಬಳಿಕ ಪೂರ್ಣ ಹೆಸರನ್ನು ಭಾಗಗಳಾಗಿ ಬಿಡಿಸಬೇಕು. ಈ ಭಾಗದಲ್ಲಿ ಸಾಮಾನ್ಯವಾಗಿ ಮೊದಲು ವ್ಯಕ್ತಿಯ ಸ್ವಂತ ಹೆಸರು, ಅದಕ್ಕೆ ಅಂಟಿಕೊಂಡು ಸಾಬ ಎಂಬ ಗೌರವಪದ, ನಂತರ ತಂದೆಯ ಹೆಸರು, ಕೊನೆಗೆ ಮನೆತನದ ಹೆಸರು ಬರುತ್ತದೆ. ಸಾಬ ಎಂಬುದು ಅರಬ್ಬಿಯ ಸಾಹಿಬ್ ಎಂಬುದರ ಸವೆದ ರೂಪ, ಅದು ವಂಶವನ್ನೇನೂ ಹೇಳುವುದಿಲ್ಲ. ಹಳೆಯ ಅರಬ್ಬೀ ಪದ್ಧತಿಯಲ್ಲಿ ಹೆಸರಿಗೆ ಐದು ಅಂಗಗಳಿದ್ದವು. ಹುಟ್ಟಿನ ಹೆಸರು ಇಸ್ಮ್, ಇಂಥವರ ಮಗ ಎನ್ನುವುದು ನಸಬ್, ಇಂಥವರ ತಂದೆ ಅಥವಾ ತಾಯಿ ಎನ್ನುವುದು ಕುನ್ಯ, ಗುಣದಿಂದಲೋ ಕಸುಬಿನಿಂದಲೋ ಬಂದ ಬಿರುದು ಲಕಬ್, ಊರು ಅಥವಾ ಕುಲದ ಸಂಬಂಧ ಹೇಳುವುದು ನಿಸ್ಬ. ನಮ್ಮ ಅಡ್ಡಹೆಸರು ಇವುಗಳಲ್ಲಿ ಯಾವ ಬಗೆಯದು ಎಂಬುದನ್ನು ಮುಂದಿನ ಹೆಜ್ಜೆಗಳು ತಿಳಿಸುತ್ತವೆ.

ಎರಡನೆಯ ಹೆಜ್ಜೆ: ಉರ್ದು ಲಿಪಿಯಲ್ಲಿ ಹೆಸರು ಹೇಗಿದೆ ಎಂದು ತಿಳಿಯುವುದು

ಇಡೀ ಶೋಧನೆಯಲ್ಲಿ ಬಿಡಲೇಬಾರದ ಹೆಜ್ಜೆ ಇದು. ಅರಬ್ಬೀ ಲಿಪಿಯಲ್ಲಿ ಬೇರೆ ಬೇರೆಯಾಗಿ ನಿಲ್ಲುವ ಹಲವು ಅಕ್ಷರಗಳು ಕನ್ನಡಕ್ಕೆ ಬರುವಾಗ ಒಂದಾಗಿಬಿಡುತ್ತವೆ. ಜಾಲ್, ಜೇ, ಜ್ವಾದ್, ಜೋಯ್ ಎಂಬ ನಾಲ್ಕಕ್ಕೂ ನಾವು ಬರೆಯುವುದು ಒಂದೇ ಜಕಾರ. ಸೇ, ಸೀನ್, ಸ್ವಾದ್ ಮೂರಕ್ಕೂ ಒಂದೇ ಸಕಾರ. ತೇ ಮತ್ತು ತೋಯ್ ಎರಡಕ್ಕೂ ಒಂದೇ ತಕಾರ, ಬಡೀ ಹೇ ಮತ್ತು ಛೋಟೀ ಹೇ ಎರಡಕ್ಕೂ ಒಂದೇ ಹಕಾರ. ಗಂಟಲಿನಿಂದ ಹೊರಡುವ ಐನ್ ಎಂಬ ಅಕ್ಷರವಂತೂ ಕನ್ನಡದಲ್ಲಿ ಕೇವಲ ಸ್ವರವಾಗಿ ಉಳಿಯುತ್ತದೆ.

ಇದರಿಂದ ಆಗುವ ತೊಡಕನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ನಜೀರ್ ಎಂದು ಕನ್ನಡದಲ್ಲಿ ಬರೆದ ಹೆಸರು ಜಾಲ್ ಅಕ್ಷರದಿಂದ ಬಂದಿದ್ದರೆ ಎಚ್ಚರಿಕೆ ನೀಡುವವನು ಎಂಬ ಅರ್ಥ, ಜೋಯ್ ಅಕ್ಷರದಿಂದ ಬಂದಿದ್ದರೆ ಸರಿಸಮಾನನು ಎಂಬ ಅರ್ಥ. ಇನ್ನೊಂದು ನಮ್ಮ ದಿನಬಳಕೆಯದೇ. ಕಸುಬು ಎಂಬ ಪದ ಗಳಿಕೆ ಎಂಬ ಅರ್ಥದ ಅರಬ್ಬೀ ಕಸ್ಬ್ ಎಂಬುದರಿಂದ ಬಂದಿದೆ. ಮಾಂಸ ಕಡಿಯುವ ವೃತ್ತಿಯನ್ನು ಹೇಳುವ ಕಸಾಬ್ ಎಂಬುದು ಕತ್ತರಿಸು ಎಂಬ ಅರ್ಥದ ಬೇರೊಂದು ಧಾತುವಿನಿಂದ ಬಂದಿದೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಬೇರಿನವೆಂದು ತೋರುತ್ತವೆ, ಉರ್ದು ಲಿಪಿಯಲ್ಲಿ ಮೊದಲಕ್ಷರವೂ ಎರಡನೆಯ ಅಕ್ಷರವೂ ಬೇರೆ ಬೇರೆ.

ದಖನಿ ಉರ್ದುವಿನ ಒಂದು ಗುಣವನ್ನೂ ಇಲ್ಲಿ ನೆನಪಿಡಬೇಕು. ಅರಬ್ಬಿಯ ಕಾಫ್ ಎಂಬ ಗಂಟಲಕ್ಷರವನ್ನು ದಖ್ಖನ್ನಿನ ಉರ್ದು ಭಾಷಿಕರು ಖಕಾರದಂತೆ ಉಚ್ಚರಿಸುತ್ತಾರೆ. ಆದ್ದರಿಂದಲೇ ಅರಬ್ಬಿಯಲ್ಲಿ ಕಾದಿ, ಉತ್ತರ ಭಾರತದಲ್ಲಿ ಕಾಜಿ ಆಗಿರುವ ಪದ ನಮ್ಮಲ್ಲಿ ಖಾಜಿ. ಕುರೈಶಿ ನಮ್ಮಲ್ಲಿ ಖುರೇಶಿ ಆಗಿರುವುದೂ ಇದೇ ಕಾರಣಕ್ಕೆ. ಹೀಗಾಗಿ ಕನ್ನಡದ ಕಾಗದದಲ್ಲಿ ಖಕಾರ ಕಂಡಾಗ ಮೂಲದಲ್ಲೂ ಅದು ಖಕಾರವೇ ಎಂದು ತೀರ್ಮಾನಿಸಬಾರದು. ಖತೀಬ ಎಂಬ ಅಡ್ಡಹೆಸರಿನಲ್ಲಿ ಅದು ಮೂಲದ್ದೇ ಖಕಾರ, ಅರ್ಥ ಮಸೀದಿಯಲ್ಲಿ ಪ್ರವಚನ ನೀಡುವವನು ಎಂದು. ಬರೆಯುವವನು ಎಂಬ ಅರ್ಥದ ಕಾತಿಬ್ ಎಂಬುದು ಅದಕ್ಕಿಂತ ಬೇರೆಯಾದ ಪದ.

ಇನ್ನು ನದಾಫ್. ಉರ್ದುವಿನಲ್ಲಿ ಇದನ್ನು ನೂನ್, ದಾಲ್, ಅಲಿಫ್, ಫೇ ಎಂಬ ನಾಲ್ಕು ಅಕ್ಷರಗಳಿಂದ ಬರೆಯುತ್ತಾರೆ, ದಾಲ್ ಮೇಲೆ ದ್ವಿತ್ವವನ್ನು ಸೂಚಿಸುವ ತಷ್ದೀದ್ ಎಂಬ ಚಿಹ್ನೆ ಇರಬೇಕು. ದಿನದ ಬರವಣಿಗೆಯಲ್ಲಿ ಆ ಚಿಹ್ನೆಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನಮ್ಮ ದಾಖಲೆಗಳಲ್ಲಿ ನದ್ದಾಫ್ ಎಂಬುದಕ್ಕಿಂತ ನದಾಫ್ ಎಂಬ ರೂಪವೇ ಹೆಚ್ಚಾಗಿ ಕಾಣುತ್ತದೆ. ಶುಚಿತ್ವ ಎಂಬ ಅರ್ಥದ ನಜಾಫತ್ ಎಂಬ ಪದಕ್ಕೂ ಇರಾಕಿನ ನಜಫ್ ನಗರಕ್ಕೂ ಇದನ್ನು ಜೋಡಿಸುವವರಿದ್ದಾರೆ. ಮೊದಲನೆಯದರಲ್ಲಿ ಇರುವುದು ಜೋಯ್, ಎರಡನೆಯದರಲ್ಲಿ ಇರುವುದು ಜೀಮ್, ನದಾಫ್‌ನಲ್ಲಿ ಇರುವುದು ದಾಲ್. ಮೂರಕ್ಕೂ ಒಂದಕ್ಕೊಂದು ಸಂಬಂಧವಿಲ್ಲ.

ಮನೆಯಲ್ಲಿ ಉರ್ದು ಬರೆಯುವವರು ಇಲ್ಲದಿರಬಹುದು. ಎಷ್ಟೋ ನದಾಫ್ ಮನೆಗಳ ಮನೆಮಾತೇ ಕನ್ನಡ, ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಊರಿನ ಜಮಾತಿನ ದಫ್ತರ, ಖಾಜಿಯವರ ಬಳಿ ಇರುವ ನಿಕಾಹ್ ದಾಖಲೆ ಪುಸ್ತಕ, ಹಿರಿಯರ ಗೋರಿಯ ಮೇಲಿನ ಬರಹ, ಹಳೆಯ ಉರ್ದು ಶಾಲೆಯ ದಾಖಲಾತಿ, ಇವುಗಳಲ್ಲಿ ಒಂದರಲ್ಲಾದರೂ ಉರ್ದು ಕಾಗುಣಿತ ಸಿಗುವ ಸಾಧ್ಯತೆ ಹೆಚ್ಚು. ಸಿಕ್ಕಿದ್ದನ್ನು ಚಿತ್ರ ತೆಗೆದುಕೊಂಡು, ಉರ್ದು ಬಲ್ಲ ಇಬ್ಬರಿಂದ ಬೇರೆ ಬೇರೆಯಾಗಿ ಓದಿಸಬೇಕು.

ಮೂರನೆಯ ಹೆಜ್ಜೆ: ಧಾತುವನ್ನೂ ಅಚ್ಚನ್ನೂ ಗುರುತಿಸುವುದು

ಅರಬ್ಬೀ ಪದಗಳ ರಚನೆ ನಿಯಮಬದ್ಧವಾಗಿದೆ. ಬಹುಪಾಲು ಪದಗಳಿಗೆ ಮೂರು ವ್ಯಂಜನಗಳ ಒಂದು ಧಾತು ಇರುತ್ತದೆ. ಆ ಮೂರು ವ್ಯಂಜನಗಳನ್ನು ಬೇರೆ ಬೇರೆ ಅಚ್ಚುಗಳಿಗೆ ಎರೆದಂತೆ ಸ್ವರಗಳನ್ನೂ ಕೆಲವು ಉಪಸರ್ಗಗಳನ್ನೂ ಸೇರಿಸಿದಾಗ ಬೇರೆ ಬೇರೆ ಪದಗಳು ಹೊರಬರುತ್ತವೆ. ಕನ್ನಡಿಗರು ಇದನ್ನು ಅರಿಯದೆಯೇ ಶತಮಾನಗಳಿಂದ ಬಳಸುತ್ತಿದ್ದಾರೆ. ತಹಶೀಲು, ಮಹಸೂಲು ಎರಡೂ ಒಂದೇ ಧಾತುವಿನ ಮಕ್ಕಳು. ಹುಕುಂ ಮತ್ತು ಹಕೀಮ ಒಂದೇ ಧಾತುವಿನವು. ಜಮಾಬಂದಿಯ ಜಮಾ, ಊರಿನ ಜಮಾತ್, ಶುಕ್ರವಾರದ ಜುಮ್ಮಾ ಮೂರೂ ಒಟ್ಟುಗೂಡು ಎಂಬ ಅರ್ಥದ ಒಂದೇ ಧಾತುವಿನಿಂದ ಬಂದವು.

ನದಾಫ್‌ನ ಧಾತು ನ-ದ-ಫ, ಹತ್ತಿಯನ್ನೋ ಉಣ್ಣೆಯನ್ನೋ ಬಡಿದು ಎಳೆ ಎಳೆಯಾಗಿ ಬಿಡಿಸು ಎಂದು ಅದರ ಅರ್ಥ. ಹಿಂಜುವ ಬಿಲ್ಲಿಗೆ ಮಿಂದಫ್ ಎಂದೂ, ಹಿಂಜಿದ ಹತ್ತಿಯ ಒಂದು ತುಣುಕಿಗೆ ನುದ್ಫ ಎಂದೂ ಅರಬ್ಬಿಯಲ್ಲಿ ಹೆಸರು. ಆಕಾಶದಿಂದ ಉದುರುವ ಹಿಮದ ಹಗುರ ಚೂರುಗಳಿಗೂ ಅರಬರು ಇದೇ ನುದ್ಫ ಎಂಬ ಪದವನ್ನು ಬಳಸುತ್ತಾರೆ.

ಅಚ್ಚಿನ ವಿಷಯಕ್ಕೆ ಬಂದರೆ, ನದ್ದಾಫ್ ಎಂಬುದರಲ್ಲಿ ನಡುವಿನ ವ್ಯಂಜನಕ್ಕೆ ದ್ವಿತ್ವವೂ ಅದರ ನಂತರ ದೀರ್ಘ ಆಕಾರವೂ ಇವೆ. ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡುವವನನ್ನು, ಅದನ್ನೇ ವೃತ್ತಿಯಾಗಿಸಿಕೊಂಡವನನ್ನು ಸೂಚಿಸುವ ಅಚ್ಚು ಇದು. ಇದೇ ಅಚ್ಚಿನಲ್ಲಿ ಹೊರೆ ಹೊರುವವನು ಹಮ್ಮಾಲ್, ನಾಣ್ಯ ವಿನಿಮಯ ಮಾಡುವವನು ಸರ್ರಾಫ್, ವ್ಯಾಪಾರ ಕುದುರಿಸುವವನು ದಲ್ಲಾಲ್, ಸುಗಂಧ ಮತ್ತು ಗಿಡಮೂಲಿಕೆ ಮಾರುವವನು ಅತ್ತಾರ್, ಬಡಗಿ ನಜ್ಜಾರ್, ಕಮ್ಮಾರ ಹದ್ದಾದ್, ದರ್ಜಿ ಖಯ್ಯಾತ್. ಇವುಗಳಲ್ಲಿ ಹಮಾಲ, ಸರಾಫ, ದಲ್ಲಾಳಿ ಎಂಬ ಮೂರು ನಮ್ಮ ಸಂತೆ ಪೇಟೆಗಳ ಮಾತೇ ಆಗಿಹೋಗಿವೆ. ಹಮಾಲ ಮತ್ತು ಸರಾಫ ಎಂಬಲ್ಲಿ ದ್ವಿತ್ವ ಬಿದ್ದುಹೋಗಿರುವ ಹಾಗೆಯೇ ನದಾಫ್‌ನಲ್ಲೂ ಬಿದ್ದಿದೆ. ಅತ್ತಾರ ಮತ್ತು ದಲ್ಲಾಳಿಗಳಲ್ಲಿ ಅದು ಉಳಿದಿದೆ. ನಿಮ್ಮ ಅಡ್ಡಹೆಸರು ಈ ಅಚ್ಚಿನದಾಗಿದ್ದರೆ ಅದು ಕಸುಬಿನ ಹೆಸರೆಂದು ಬಹುಮಟ್ಟಿಗೆ ನಂಬಬಹುದು.

ಬೇರೆ ಅಚ್ಚುಗಳೂ ಇವೆ. ಮು ಎಂದು ಆರಂಭವಾಗುವ ಹೆಸರುಗಳು ಹೆಚ್ಚಾಗಿ ಒಂದು ಕ್ರಿಯೆಯಲ್ಲಿ ತೊಡಗಿದವನನ್ನು ಹೇಳುತ್ತವೆ. ಮುಜಾವರ ಎಂಬುದರ ಧಾತುವಿನ ಅರ್ಥ ನೆರೆಹೊರೆ, ಪವಿತ್ರ ಸ್ಥಳದ ನೆರೆಯಲ್ಲೇ ಇದ್ದು ಅದನ್ನು ನೋಡಿಕೊಳ್ಳುವವನು ಮುಜಾವರ. ಮುತವಲ್ಲಿ ಎಂದರೆ ಆಡಳಿತದ ಹೊಣೆ ಹೊತ್ತವನು, ಮುನ್ಷಿ ಎಂದರೆ ಬರಹವನ್ನು ರಚಿಸುವವನು. ಮೋಮಿನ ಎಂಬುದು ವಿಶ್ವಾಸಿ ಎಂಬ ಅರ್ಥದ ಮುಅಮಿನ್ ಎಂಬುದರ ರೂಪ. ಪದದ ಅರ್ಥ ಧಾರ್ಮಿಕವಾದರೂ ಭಾರತದ ಹಲವೆಡೆ ಅದು ನೇಕಾರ ಸಮುದಾಯದ ಹೆಸರಾಗಿ ನಿಂತಿದೆ. ಪದದ ಅರ್ಥವೇ ಎಲ್ಲವೂ ಅಲ್ಲ, ಆ ಪದವನ್ನು ಯಾರು ಹೊತ್ತರು ಎಂಬುದನ್ನೂ ನೋಡಬೇಕು ಎನ್ನುವುದಕ್ಕೆ ಮೋಮಿನ ಒಳ್ಳೆಯ ನಿದರ್ಶನ.

ಧಾತುವನ್ನು ಪರೀಕ್ಷಿಸಲು ನಿಘಂಟು ಬೇಕು. 1884ರಲ್ಲಿ ಪ್ರಕಟವಾದ ಪ್ಲಾಟ್ಸ್ ಅವರ ಉರ್ದು ನಿಘಂಟು ಪ್ರತಿ ಪದದ ಮುಂದೆ ಅದು ಅರಬ್ಬಿಯೋ ಫಾರ್ಸಿಯೋ ಹಿಂದಿಯೋ ಸಂಸ್ಕೃತವೋ ಎಂದು ಗುರುತು ಹಾಕುತ್ತದೆ, ಅಂತರಜಾಲದಲ್ಲಿ ಉಚಿತವಾಗಿ ನೋಡಲು ಸಿಗುತ್ತದೆ. ಹಾನ್ಸ್ ವೇರ್ ಅವರ ಅರಬ್ಬೀ ನಿಘಂಟಿನಲ್ಲಿ ಪದಗಳು ಧಾತುಗಳ ಅನುಕ್ರಮದಲ್ಲಿವೆ, ಆದ್ದರಿಂದ ಧಾತು ಗೊತ್ತಿದ್ದರೆ ಅದರ ಇಡೀ ಕುಟುಂಬ ಒಂದೇ ಪುಟದಲ್ಲಿ ಕಣ್ಣಿಗೆ ಬೀಳುತ್ತದೆ. 1894ರ ಕಿಟೆಲ್ ಕೋಶವು ಕನ್ನಡಕ್ಕೆ ಬಂದ ಹಿಂದೂಸ್ತಾನಿ ಮತ್ತು ಮರಾಠಿ ಪದಗಳನ್ನು ಗುರುತಿಸಿರುವುದರಿಂದ ಅದನ್ನೂ ಕೈಯಳತೆಯಲ್ಲಿ ಇಟ್ಟುಕೊಳ್ಳಬೇಕು. ಮಕ್ಕಳಿಗೆ ಹೆಸರು ಸೂಚಿಸುವ ಜಾಲತಾಣಗಳನ್ನು ಮಾತ್ರ ಆಧಾರವಾಗಿ ಇಟ್ಟುಕೊಳ್ಳಬಾರದು. ಧಾತುವನ್ನೇ ತೋರಿಸದೆ ಪ್ರತಿ ಹೆಸರಿಗೂ ಶೂರ, ಉದಾರ, ತೇಜಸ್ವಿ ಎಂದು ಅರ್ಥ ಹಚ್ಚುವ ಪಟ್ಟಿಗಳಿಂದ ಸತ್ಯ ತಿಳಿಯುವುದಿಲ್ಲ.

ನಾಲ್ಕನೆಯ ಹೆಜ್ಜೆ: ಅರಬ್ಬಿಗೆ ಅಂಟಿದ ಫಾರ್ಸಿಯನ್ನು ಬೇರ್ಪಡಿಸುವುದು

ಅರಬ್ಬೀ ಪದಗಳು ದಖ್ಖನ್ನಿನ ಒಳನಾಡಿಗೆ ಬಹುಪಾಲು ಬಂದದ್ದು ಫಾರ್ಸಿಯ ಮೂಲಕ. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದಿಂದ ಹಿಡಿದು, 1686ರಲ್ಲಿ ಕೊನೆಗೊಂಡ ವಿಜಯಪುರದ ಆದಿಲಶಾಹಿಯವರೆಗೆ, ಆಮೇಲೆ ಹೈದರಾಬಾದಿನ ಆಸಫಜಾಹಿ ಆಡಳಿತದಲ್ಲಿಯೂ ಬಹುಕಾಲ, ರಾಜ್ಯಭಾರದ ಬರವಣಿಗೆಯಲ್ಲಿ ಫಾರ್ಸಿಗೆ ದೊಡ್ಡ ಸ್ಥಾನವಿತ್ತು. ಕಸುಬುದಾರರ ಮೇಲೆ ಹಾಕುತ್ತಿದ್ದ ಮೊಹತರ್ಫಾ ಎಂಬ ತೆರಿಗೆಯ ಹೆಸರೇ ಕುಶಲಕರ್ಮಿಗಳು ಎಂಬ ಅರ್ಥದ ಅರಬ್ಬೀ ಪದ. ಇಂಥ ಲೆಕ್ಕಗಳಲ್ಲಿ ಮನುಷ್ಯನನ್ನು ಅವನ ಕಸುಬಿನಿಂದ ಗುರುತಿಸುವುದು ಸಹಜವಾಗಿತ್ತು, ಕಸುಬಿನ ಹೆಸರು ಆಡಳಿತದ ಭಾಷೆಯಲ್ಲಿ ಇರುವುದೂ ಸಹಜವಾಗಿತ್ತು.

ಆದ್ದರಿಂದ ದಾರ, ಬಂದ, ಗಾರ, ವಾನ ಎಂದು ಕೊನೆಯಾಗುವ ಹೆಸರುಗಳಲ್ಲಿ ಆ ಕೊನೆಯ ತುಂಡು ಫಾರ್ಸಿಯದೇ ಅಲ್ಲವೇ ಎಂದು ನೋಡಬೇಕು. ಇನಾಮದಾರ ಎಂಬಲ್ಲಿ ಇನಾಮ್ ಅರಬ್ಬೀ, ದಾರ್ ಫಾರ್ಸಿ. ನಾಲಬಂದ ಎಂಬಲ್ಲಿ ಕುದುರೆಯ ಲಾಳ ಎಂಬ ಅರ್ಥದ ನಾಲ್ ಅರಬ್ಬೀ, ಕಟ್ಟುವವನು ಎಂಬ ಬಂದ್ ಫಾರ್ಸಿ. ಸಿಕಲಗಾರ ಎಂಬಲ್ಲಿ ಆಯುಧಕ್ಕೆ ಹೊಳಪು ಕೊಡುವ ಸೈಕಲ್ ಅರಬ್ಬೀ, ಗರ್ ಫಾರ್ಸಿ. ಬಾಗವಾನ ಪೂರ್ತಿ ಫಾರ್ಸಿ. ನದಾಫ್‌ನಲ್ಲಿ ಇಂಥ ಬೆರಕೆ ಇಲ್ಲ, ಅದು ಅರಬ್ಬೀ ಅಚ್ಚಿನಲ್ಲೇ ಇಡಿಯಾಗಿ ಉಳಿದಿದೆ.

ಕರಾವಳಿಯ ದಾರಿ ಬೇರೆ. ಭಟ್ಕಳದ ನವಾಯತರಲ್ಲಿ ಗೌರವಾನ್ವಿತ ಎಂಬ ಅರ್ಥದ ಮುಹ್ತಶಮ್ ಎಂಬ ಅರಬ್ಬೀ ಹೆಸರೂ, ಬಂದರಿನ ಅಧಿಕಾರಿ ಎಂಬ ಅರ್ಥದ ಫಾರ್ಸಿ ಶಾಹಬಂದರ್‌ನಿಂದ ಬಂದ ಶಾಬಂದ್ರಿಯೂ ಇವೆ. ಅಲ್ಲಿಯ ಹೆಸರುಗಳಿಗೆ ಅರಬ್ಬೀ ಸಮುದ್ರದ ವ್ಯಾಪಾರದ ಹಿನ್ನೆಲೆ ಇದೆ, ಒಳನಾಡಿನ ಲೆಕ್ಕಾಚಾರವನ್ನು ಅವುಗಳಿಗೆ ಹಚ್ಚಬಾರದು.

ಐದನೆಯ ಹೆಜ್ಜೆ: ಅದೇ ಕಸುಬಿನ ಉಳಿದ ಹೆಸರುಗಳನ್ನು ಹುಡುಕುವುದು

ನದಾಫ್‌ನ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ. ಕಸುಬಿನಿಂದ ಬಂದ ಹೆಸರಿಗೆ ಪ್ರತಿ ಭಾಷೆಯಲ್ಲೂ ಜೊತೆಗಾರ ಪದಗಳಿರುತ್ತವೆ, ಒಂದೇ ಬಳಗದವರು ಒಂದು ಊರಿನಲ್ಲಿ ಒಂದು ಹೆಸರಿನಿಂದಲೂ ಪಕ್ಕದ ಜಿಲ್ಲೆಯಲ್ಲಿ ಇನ್ನೊಂದು ಹೆಸರಿನಿಂದಲೂ ಕರೆಸಿಕೊಳ್ಳುತ್ತಾರೆ. ನದಾಫ್ ಎಂಬುದಕ್ಕೆ ಕರ್ನಾಟಕದಲ್ಲಿ ಅತಿ ಹತ್ತಿರದ ಜೊತೆಗಾರ ಪಿಂಜಾರ. ಹಳಗನ್ನಡದ ಪಿಂಜು ಎಂಬುದೇ ಇಂದಿನ ಹಿಂಜು. ಪಾಲು ಹಾಲಾದಂತೆ ಪಕಾರ ಹಕಾರವಾಗಿದೆ. ಸಂಸ್ಕೃತದಲ್ಲಿಯೂ ಹತ್ತಿ ಹಿಂಜುವ ಬಿಲ್ಲಿಗೆ ಪಿಂಜನ ಎಂಬ ಹೆಸರಿದೆ. ತೆಲುಗು ನಾಡಿಗೆ ಹೋದರೆ ದೂದೇಕುಲ ಎಂಬ ಹೆಸರು ಸಿಗುತ್ತದೆ: ದೂದಿ ಎಂದರೆ ಹತ್ತಿ, ಏಕು ಎಂದರೆ ಹಿಂಜು. ಬಳ್ಳಾರಿ, ರಾಯಚೂರಿನ ಗಡಿಯಲ್ಲಿ ಈ ಹೆಸರುಗಳು ಒಂದರೊಳಗೊಂದು ಬೆರೆಯುತ್ತವೆ. ನದಾಫ್ ಎಂದು ಮಾತ್ರ ಹುಡುಕುವವರಿಗೆ ಅರ್ಧ ಇತಿಹಾಸವಷ್ಟೇ ಸಿಗುತ್ತದೆ, ಪಿಂಜಾರ, ಲದಾಫ್, ದೂದೇಕುಲ ಎಂಬ ಹೆಸರುಗಳನ್ನೂ ಜೊತೆಗಿಟ್ಟುಕೊಂಡು ಹುಡುಕಬೇಕು.

ಕಸುಬಿನ ಸ್ವರೂಪವನ್ನು ತಿಳಿಯದೆ ಹೆಸರು ಪೂರ್ತಿ ತಿಳಿಯುವುದಿಲ್ಲ. ಹೊಲದಿಂದ ಬಂದ ಹತ್ತಿಯ ಬೀಜ ಬೇರ್ಪಡಿಸಿದರೆ ಅರಳೆ ಸಿಗುತ್ತದೆ. ಅದು ಇನ್ನೂ ಗಂಟುಗಂಟಾಗಿ ಒತ್ತಿಕೊಂಡಿರುತ್ತದೆ. ನರದಿಂದ ಮಾಡಿದ ಬಿಗಿಯಾದ ಹೆದೆಯಿರುವ ದೊಡ್ಡ ಬಿಲ್ಲನ್ನು ಅರಳೆಯ ರಾಶಿಗೆ ತಾಗಿಸಿ ಹಿಡಿದು, ಕಟ್ಟಿಗೆಯ ಕೊಡತಿಯಿಂದ ಹೆದೆಯನ್ನು ಬಡಿದಾಗ ಅದರ ಕಂಪನಕ್ಕೆ ಎಳೆಗಳು ಬಿಡಿಬಿಡಿಯಾಗಿ ಹಾರಿ, ಕಸ ಮತ್ತು ಧೂಳು ಕೆಳಗೆ ಉದುರಿ, ಮೆದುವಾದ ಹತ್ತಿ ಉಳಿಯುತ್ತದೆ. ಅದನ್ನು ಹಂಜಿಯಾಗಿ ಸುತ್ತಿ ನೂಲುವವರಿಗೆ ಕೊಡುತ್ತಿದ್ದರು, ಇಲ್ಲವೇ ಗಾದಿ ಮತ್ತು ತಲೆದಿಂಬುಗಳಿಗೆ ತುಂಬುತ್ತಿದ್ದರು. ನೂಲುವ ಮನೆಗಳಿಗೂ ನೇಯುವ ಮನೆಗಳಿಗೂ ಮೊದಲು ಬೇಕಾದದ್ದು ಈ ಕೈಗಳ ದುಡಿಮೆ. ದಿನವಿಡೀ ಹತ್ತಿಯ ಧೂಳನ್ನು ಉಸಿರಾಡುತ್ತ ಮಾಡುವ ಕೆಲಸ ಅದು, ಅದನ್ನು ಮಾಡಿದವರ ಹೆಸರನ್ನು ನಾವು ಗೌರವದಿಂದ ಓದಬೇಕು. ಗಿರಣಿ ನೂಲು ಬಂದ ಮೇಲೆ ಹಂಜಿಯ ಬೇಡಿಕೆ ಕುಗ್ಗಿ ಗಾದಿಯ ಕೆಲಸ ಉಳಿಯಿತು, ಹಿಂಜುವ ಯಂತ್ರ ಬಂದು ಬಿಲ್ಲನ್ನು ಮೂಲೆಗೆ ಸೇರಿಸಿತು, ಫೋಮ್ ಹಾಸಿಗೆ ಬಂದು ಆ ಉಳಿದ ಕೆಲಸವನ್ನೂ ಕಡಿಮೆ ಮಾಡಿತು. ಹೆಸರು ಮಾತ್ರ ಮನೆಯೊಂದಿಗೆ ಉಳಿದುಕೊಂಡಿದೆ.

ಉತ್ತರ ಭಾರತದಲ್ಲಿ ಇದೇ ಕಸುಬಿನ ಬಹಳಷ್ಟು ಕುಟುಂಬಗಳು ಮನ್ಸೂರಿ ಎಂಬ ಹೆಸರನ್ನು ಆರಿಸಿಕೊಂಡಿವೆ. ಇದರ ಹಿಂದೆ 922ರಲ್ಲಿ ಬಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಅಲ್-ಹಲ್ಲಾಜನ ನೆನಪಿದೆ. ಹಲ್ಲಾಜ್ ಎಂದರೂ ಹತ್ತಿ ಹಿಂಜುವವನೇ. ನದ್ದಾಫ್‌ನ ಅಚ್ಚಿನದೇ ಪದ. ಅವನ ಸ್ವಂತ ಹೆಸರು ಹುಸೈನ್, ಮನ್ಸೂರ್ ಎಂಬುದು ತಂದೆಯ ಹೆಸರಾಗಿದ್ದರೂ ಜನರ ನಾಲಿಗೆಯ ಮೇಲೆ ಅವನೇ ಮನ್ಸೂರನಾಗಿ ಉಳಿದ. ಹಿಂಜುವ ಕೈಗಳ ಜನ ತಮ್ಮ ಕಸುಬಿನ ಹೆಸರನ್ನು ಹೊತ್ತ ಒಬ್ಬ ಸಂತನ ಹೆಸರಿನಿಂದ ತಮ್ಮನ್ನು ಕರೆದುಕೊಂಡರು ಎನ್ನುವುದನ್ನು ಓದಿದಾಗಲೆಲ್ಲ ನನಗೆ ಆ ಆಯ್ಕೆಯ ಮೇಲೆ ಗೌರವ ಹೆಚ್ಚುತ್ತದೆ.

ಆರನೆಯ ಹೆಜ್ಜೆ: ದಾಖಲೆಗಳಲ್ಲಿ ಹಿಂದಕ್ಕೆ ಹೋಗುವುದು

ಪದದ ಅರ್ಥ ತಿಳಿದ ಮೇಲೆ ನಮ್ಮ ಮನೆಗೆ ಆ ಹೆಸರು ಯಾವಾಗಿನಿಂದ ಇದೆ ಎಂಬ ಪ್ರಶ್ನೆ ಉಳಿಯುತ್ತದೆ. ಇಂದಿನ ಪಹಣಿಯಿಂದ ಆರಂಭಿಸಿ, ಹಕ್ಕು ಬದಲಾವಣೆಯ ನೋಂದಣಿಗಳ ಮೂಲಕ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು. ತಾಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಹಳೆಯ ಕೈಬರಹದ ದಾಖಲೆಗಳ ನಕಲಿಗೆ ಅರ್ಜಿ ಕೊಡಬಹುದು. ಹೊಲವಿಲ್ಲದ ಕುಟುಂಬಗಳಿಗೆ ಶಾಲೆಯ ದಾಖಲಾತಿ ಪುಸ್ತಕವೂ ಜನನ-ಮರಣದ ದಾಖಲೆಯೂ ಮುಖ್ಯ ಆಧಾರ.

ಯಾವ ಲಿಪಿಯನ್ನು ನಿರೀಕ್ಷಿಸಬೇಕು ಎನ್ನುವುದು ಊರು ಹಿಂದೆ ಯಾರ ಆಡಳಿತದಲ್ಲಿತ್ತು ಎಂಬುದರ ಮೇಲೆ ನಿಂತಿದೆ. ಹಿಂದಿನ ಮುಂಬಯಿ ಪ್ರಾಂತದ ಜಿಲ್ಲೆಗಳಲ್ಲಿ ಹಳೆಯ ಕಾಗದಗಳು ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿ ಇರಬಹುದು. ಹೈದರಾಬಾದ್ ಸಂಸ್ಥಾನದಲ್ಲಿದ್ದ ಬೀದರ, ಕಲಬುರಗಿ, ರಾಯಚೂರು ಭಾಗಗಳಲ್ಲಿ 1948ರವರೆಗಿನ ದಾಖಲೆಗಳಲ್ಲಿ ಉರ್ದು ಹೆಚ್ಚು, ಅದಕ್ಕೂ ಹಿಂದಿನವುಗಳಲ್ಲಿ ಫಾರ್ಸಿ. ಆ ಸಂಸ್ಥಾನದ ಹಳೆಯ ದಾಖಲೆಗಳ ದೊಡ್ಡ ಸಂಗ್ರಹ ಹೈದರಾಬಾದಿನ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿದೆ. ಮೋಡಿ ಓದಬಲ್ಲವರು ಈಗ ವಿರಳ, ಆದರೂ ಊಹಿಸಿ ಓದುವುದಕ್ಕಿಂತ ಅಂಥವರನ್ನು ಕಾದು ಹುಡುಕುವುದು ಮೇಲು.

ಬ್ರಿಟಿಷರ ಕಾಲದ ವಿವರಣೆಗಳನ್ನೂ ನೋಡಬೇಕು. 1884ರ ಧಾರವಾಡ ಜಿಲ್ಲೆಯ ಗೆಜೆಟಿಯರ್ ಮುಸ್ಲಿಂ ಕಸುಬುದಾರ ಸಮುದಾಯಗಳನ್ನು ಹೆಸರಿಸಿ ವಿವರಿಸುತ್ತದೆ, 1909ರಲ್ಲಿ ಏಳು ಸಂಪುಟಗಳಲ್ಲಿ ಬಂದ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಗ್ರಹದಲ್ಲಿ ದೂದೇಕುಲರ ಕುರಿತು ಬರಹವಿದೆ. ಇವು ಉಪಯುಕ್ತ, ಆದರೆ ಬರೆದವರು ಹೊರಗಿನವರು, ಸಮುದಾಯಗಳ ಸ್ವಭಾವದ ಬಗ್ಗೆ ಅವರು ಕೊಟ್ಟ ತೀರ್ಪುಗಳನ್ನು ಸ್ವೀಕರಿಸಬೇಕಾಗಿಲ್ಲ. ಕಸುಬು, ಭಾಷೆ, ಊರುಗಳ ಕುರಿತ ಮಾಹಿತಿಯನ್ನಷ್ಟೇ ತೆಗೆದುಕೊಂಡು ಉಳಿದುದನ್ನು ಬಿಡಬಹುದು.

ಏಳನೆಯ ಹೆಜ್ಜೆ: ಹಿರಿಯರನ್ನು ಕೇಳುವುದು

ನಮ್ಮ ಹೆಸರಿನ ಅರ್ಥವೇನು ಎಂದು ಅಜ್ಜನನ್ನು ನೇರವಾಗಿ ಕೇಳಿದರೆ ಯಾರೋ ಹೇಳಿದ ಮಾತೇ ಮರಳಿ ಬರುತ್ತದೆ. ಅದರ ಬದಲು ಕೆಲಸದ ಬಗ್ಗೆ ಕೇಳಬೇಕು. ಮನೆಯಲ್ಲಿ ಬಿಲ್ಲು ಇತ್ತೆ, ಅದರ ಭಾಗಗಳನ್ನು ಏನೆಂದು ಕರೆಯುತ್ತಿದ್ದರು, ಅರಳೆಯನ್ನು ಯಾವ ಪೇಟೆಯಿಂದ ತರುತ್ತಿದ್ದರು, ಸುಗ್ಗಿ ಮುಗಿದ ಮೇಲೆ ಯಾವ ಊರುಗಳಿಗೆ ಕೆಲಸಕ್ಕೆ ಹೋಗುತ್ತಿದ್ದರು, ಕೂಲಿ ಹಣವೋ ಕಾಳೋ, ಬೀಗತನ ಯಾವ ಹೆಸರಿನ ಮನೆಗಳೊಡನೆ ನಡೆಯುತ್ತಿತ್ತು, ನೆರೆಯವರು ನಮ್ಮನ್ನು ನದಾಫರು ಎನ್ನುತ್ತಿದ್ದರೋ ಪಿಂಜಾರರು ಎನ್ನುತ್ತಿದ್ದರೋ. ಅಜ್ಜಿಯರನ್ನು ಬಿಡಬಾರದು, ಬೀಗತನದ ನೆನಪು ಅವರಲ್ಲೇ ಗಟ್ಟಿಯಾಗಿರುತ್ತದೆ. ಅವರು ಬಳಸಿದ ಪದಗಳನ್ನು ಅವರದೇ ಉಚ್ಚಾರಣೆಯಲ್ಲಿ, ಅನುಮತಿ ಪಡೆದು, ದಾಖಲಿಸಿಕೊಳ್ಳಬೇಕು.

ಎಂಟನೆಯ ಹೆಜ್ಜೆ: ಹೆಸರು ಏನನ್ನು ಹೇಳುವುದಿಲ್ಲ ಎಂದು ತಿಳಿಯುವುದು

ಹೆಸರು ಅರಬ್ಬಿಯದು ಎಂದ ಮಾತ್ರಕ್ಕೆ ಹಿರಿಯರು ಅರಬಸ್ತಾನದಿಂದ ಬಂದವರೆಂದು ಆಗುವುದಿಲ್ಲ. ಕಸುಬಿನ ಹೆಸರು ಕಸುಬನ್ನು ಹೇಳುತ್ತದೆ, ರಕ್ತಸಂಬಂಧವನ್ನು ಹೇಳುವುದಿಲ್ಲ. ಹೀಗೆ ಹೇಳುವುದರಿಂದ ನದಾಫ್ ಎಂಬ ಹೆಸರಿನ ಮರ್ಯಾದೆ ಕಡಿಮೆಯಾಗುತ್ತದೆ ಎಂದು ಭಾವಿಸುವವರನ್ನು ನಾನು ಒಪ್ಪಲಾರೆ. ಈ ಮಣ್ಣಿನ ಹತ್ತಿಯನ್ನು ಈ ಮಣ್ಣಿನ ಜನರೇ ಹಿಂಜಿದರು, ಅವರ ದುಡಿಮೆಗೆ ಆಡಳಿತದ ಭಾಷೆ ಒಂದು ಹೆಸರನ್ನು ಕೊಟ್ಟಿತು ಎಂಬ ವಿವರಣೆಯೇ ಪದಕ್ಕೂ ಪರಿಸರಕ್ಕೂ ಹೊಂದುತ್ತದೆ.

ಕುಲವನ್ನು ಹೇಳುವಂತೆ ತೋರುವ ನಿಸ್ಬಗಳ ವಿಷಯದಲ್ಲಿ ಇನ್ನೂ ಎಚ್ಚರಿಕೆ ಬೇಕು. ಅನ್ಸಾರಿ ಎಂಬುದು 622ರಲ್ಲಿ ಪ್ರವಾದಿಯವರು ಮದೀನಕ್ಕೆ ಬಂದಾಗ ನೆರವಾದ ಅನ್ಸಾರರನ್ನೂ, ಖುರೇಶಿ ಎಂಬುದು ಮಕ್ಕಾದ ಕುರೈಶ್ ಕುಲವನ್ನೂ, ಸಿದ್ದೀಕಿ ಎಂಬುದು ಮೊದಲ ಖಲೀಫ ಅಬೂಬಕರ್ ಅವರನ್ನೂ ಸೂಚಿಸುತ್ತದೆ. ಆದರೆ ಭಾರತದಲ್ಲಿ ನೇಕಾರ ಸಮುದಾಯಗಳು ಅನ್ಸಾರಿ ಎಂಬ ಹೆಸರನ್ನೂ, ಮಾಂಸದ ವ್ಯಾಪಾರದ ಸಮುದಾಯಗಳು ಖುರೇಶಿ ಎಂಬ ಹೆಸರನ್ನೂ ಸಾಮೂಹಿಕವಾಗಿ ಸ್ವೀಕರಿಸಿರುವುದು ಚೆನ್ನಾಗಿ ದಾಖಲಾಗಿರುವ ಸಂಗತಿ. ತಮ್ಮನ್ನು ಕೀಳಾಗಿ ಕರೆಯುತ್ತಿದ್ದ ಹೆಸರುಗಳನ್ನು ಬಿಟ್ಟು ಘನತೆಯ ಹೆಸರನ್ನು ಆರಿಸಿಕೊಂಡದ್ದು ಅವರ ಹಕ್ಕು. ಶೋಧಕರು ಮಾತ್ರ ಹೆಸರನ್ನೇ ವಂಶಾವಳಿಯೆಂದು ಓದಬಾರದು.

ಹೆಸರಿನ ಭಾಷೆಯಿಂದ ಧರ್ಮವನ್ನೂ ನಿರ್ಣಯಿಸಲಾಗದು. ಪ್ಯಾಲೆಸ್ಟೈನ್, ಲೆಬನಾನ್, ಸಿರಿಯಾಗಳ ಅರಬ್ ಕ್ರೈಸ್ತರಲ್ಲಿಯೂ ಹದ್ದಾದ್, ನಜ್ಜಾರ್, ನದ್ದಾಫ್ ಎಂಬ ಮನೆತನಗಳಿವೆ. ನಮ್ಮಲ್ಲಿ ಇನಾಮದಾರ, ಜಮಾದಾರ, ಮುಜುಮದಾರ ಎಂಬ ಅರಬ್ಬೀ-ಫಾರ್ಸಿ ಹೆಸರುಗಳನ್ನು ಹೊತ್ತ ಹಿಂದೂ ಮನೆಗಳು ಎಷ್ಟೋ ಇವೆ.

ಒಂಬತ್ತನೆಯ ಹೆಜ್ಜೆ: ಕಾಗದಗಳಲ್ಲಿ ಒಂದೇ ರೂಪಕ್ಕೆ ತರುವುದು

ಮೂಲ ತಿಳಿದ ಮೇಲೆ ಕೆಲವರಿಗೆ ಹೆಸರನ್ನು ಶುದ್ಧವಾಗಿ ನದ್ದಾಫ್ ಎಂದೇ ಬರೆಯಬೇಕೆನಿಸಬಹುದು. ನನ್ನ ಸಲಹೆ ಅದಕ್ಕೆ ವಿರುದ್ಧವಾಗಿದೆ. ನದಾಫ್ ಎಂಬುದು ಕನ್ನಡ ನಾಡಿನಲ್ಲಿ ರೂಢವಾದ ರೂಪ, ಹಮಾಲನನ್ನು ಯಾರೂ ಹಮ್ಮಾಲ್ ಎಂದು ತಿದ್ದುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಕಾಗುಣಿತವನ್ನೇ ಆಧಾರವಾಗಿಟ್ಟು ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಬ್ಯಾಂಕ್ ಖಾತೆಗಳನ್ನು ಅದಕ್ಕೆ ಹೊಂದಿಸುವುದು ಸುಲಭದ ದಾರಿ. ವ್ಯತ್ಯಾಸ ದೊಡ್ಡದಾಗಿದ್ದರೆ, ಅಂದರೆ ಒಂದರಲ್ಲಿ ಪಿಂಜಾರ ಮತ್ತೊಂದರಲ್ಲಿ ನದಾಫ್ ಎಂದಿದ್ದರೆ, ಪ್ರಮಾಣಿತ ಅಫಿಡವಿಟ್, ಪತ್ರಿಕಾ ಪ್ರಕಟಣೆ, ರಾಜ್ಯಪತ್ರದ ಪ್ರಕಟಣೆ ಎಂಬ ಕ್ರಮದಲ್ಲಿ ಹೋಗಬೇಕಾಗಬಹುದು. ಅದಕ್ಕೆ ಮೊದಲು ವಕೀಲರೊಬ್ಬರನ್ನು ಕೇಳುವುದು ಒಳ್ಳೆಯದು.

ಜಾತಿ ಪ್ರಮಾಣಪತ್ರದ ವಿಷಯವನ್ನು ಹೆಸರಿನ ಅರ್ಥದೊಂದಿಗೆ ಬೆರೆಸಬಾರದು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನದಾಫ್ ಮತ್ತು ಪಿಂಜಾರ ಸಮುದಾಯಗಳು ಪ್ರವರ್ಗ-1ರಲ್ಲಿವೆ. ಆದರೆ ಪ್ರಮಾಣಪತ್ರವನ್ನು ಕೊಡುವುದು ಅಡ್ಡಹೆಸರನ್ನು ನೋಡಿ ಅಲ್ಲ. ಗ್ರಾಮ ಆಡಳಿತಾಧಿಕಾರಿ ಮತ್ತು ಕಂದಾಯ ನಿರೀಕ್ಷಕರ ಸ್ಥಳ ವಿಚಾರಣೆ, ತಂದೆಯ ಮತ್ತು ಸಂಬಂಧಿಕರ ಶಾಲಾ ದಾಖಲೆಗಳ ಆಧಾರದ ಮೇಲೆ ತಹಶೀಲ್ದಾರರು ಕೊಡುತ್ತಾರೆ. ಆರು ಮತ್ತು ಏಳನೆಯ ಹೆಜ್ಜೆಗಳಲ್ಲಿ ಕೂಡಿಸಿದ ಕಾಗದಗಳು ಮತ್ತು ಬೀಗತನದ ವಿವರಗಳು ಆ ವಿಚಾರಣೆಯ ಸಮಯದಲ್ಲಿ ನೇರವಾಗಿ ಉಪಯೋಗಕ್ಕೆ ಬರುವುದರಿಂದ, ಮೂಲ ಪ್ರತಿಗಳನ್ನು ಮನೆಯಲ್ಲೇ ಭದ್ರವಾಗಿಟ್ಟು, ದೃಢೀಕರಿಸಿದ ನಕಲುಗಳನ್ನು ವರ್ಷಗಳ ಅನುಕ್ರಮದಲ್ಲಿ ಜೋಡಿಸಿ, ಪ್ರತಿ ನಕಲಿನ ಹಿಂದೆ ಅದು ಯಾವ ಕಚೇರಿಯಿಂದ ಯಾವ ದಿನ ಸಿಕ್ಕಿತು ಎಂದು ಬರೆದಿಡಬೇಕು.